ನಮ್ಮ ಭಯಕ್ಕೂ ಒಂದು ಪುಟ

ಕನಸನ್ನು ಬರೆಯುವವರು ನಮ್ಮಲ್ಲಿ ಬಹಳ ಮಂದಿ. ಭಯವನ್ನು ಬರೆಯುವವರು ವಿರಳ. ಅದನ್ನು ಚಿತ್ರಿಸುವವರಂತೂ ಇನ್ನೂ ವಿರಳ. ಚಿತ್ರಕಥೆಯೆಂದರೆ ಮಕ್ಕಳಾಟವೆಂದು ಮೂಗು ಮುರಿಯುವುದು ನಮಗೆ ರೂಢಿಯಾಗಿದೆ.

ಆದರೆ ಚಿತ್ರಕಥೆ ನಮ್ಮ ಊರಿಗೆ ಹೊರಗಿನದಲ್ಲ. 1967ರಲ್ಲಿ ‘ಅಮರ ಚಿತ್ರಕಥೆ’ಯನ್ನು ಆರಂಭಿಸಿದ ಅನಂತ ಪೈಯವರು 1929ರಲ್ಲಿ ಹುಟ್ಟಿದ್ದು ಕಾರ್ಕಳದಲ್ಲಿ. ದೇವರನ್ನೂ ರಾಜರನ್ನೂ ವೀರರನ್ನೂ ದೇಶದ ಮಕ್ಕಳ ಅಂಗೈಗೆ ತಂದಿತ್ತವರು ಅವರು. ಆ ಪುಟಗಳನ್ನೋದಿ ನಾನೂ ಹಿಗ್ಗಿದ್ದೇನೆ. ಆದರೆ ಅಲ್ಲಿ ನಮ್ಮ ಮನೆಯವರನ್ನು ಕಾಣಲಿಲ್ಲ.

ಮಣಿಪಾಲದಲ್ಲಿ ಓದುವ ಗೆಳೆಯನೊಬ್ಬ ಎರಡು ಪುಸ್ತಕಗಳನ್ನು ಕೊಟ್ಟ. ಒಂದು, ಆರ್ಟ್ ಸ್ಪೀಗೆಲ್‌ಮನ್ನರ ‘ಮೌಸ್’. ನಾಜಿಗಳ ಸೆರೆಶಿಬಿರದಿಂದ ಬದುಕಿ ಬಂದ ತಂದೆಯ ಕಥೆಯನ್ನು, ಯಹೂದ್ಯರನ್ನು ಇಲಿಗಳಾಗಿ ಚಿತ್ರಿಸಿ ಅವರು ಹೇಳಿದ್ದಾರೆ. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂದಿತು. ಇನ್ನೊಂದು, ‘ಪರ್ಸೆಪೊಲಿಸ್’. 1979ರ ಇರಾನಿನ ಕ್ರಾಂತಿಯನ್ನು ಕಂಡ ತಮ್ಮ ಬಾಲ್ಯವನ್ನು ಮರ್ಜಾನೆ ಸತ್ರಾಪಿ ಬರಿಯ ಕಪ್ಪು ಬಿಳುಪಿನಲ್ಲಿ ಬಿಡಿಸಿದ್ದಾರೆ.

ಆ ರಾತ್ರಿ ನಾನೂ ಪೆನ್ಸಿಲು ಹಿಡಿದೆ. ಮೊದಲ ಚೌಕದಲ್ಲಿ ಕಾಪುವಿನ ದೀಪಸ್ತಂಭ. ಎರಡನೆಯದರಲ್ಲಿ, ಮಳೆಗಾಲದ ಒಂದು ಸಂಜೆ ಅಪ್ಪನ ದೋಣಿ ಬರುವುದು ತಡವಾದಾಗ ಹೊಯ್ಗೆಯ ಮೇಲೆ ಕುಳಿತ ಅಮ್ಮ. ಕೊನೆಯದರಲ್ಲಿ ನಾನು: ಕೈಯಲ್ಲಿ ಪದವಿಯ ಕಾಗದ, ಸೊಂಟದವರೆಗೆ ನೀರು. ದೋಣಿಗೂ ಸಲ್ಲದೆ ಕಚೇರಿಗೂ ಸಲ್ಲದೆ ಹೋದೇನೆಂಬ ಭಯ, ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ ಸಣ್ಣದಲ್ಲ.

ಅಮ್ಮ ಎರಡನೆಯ ತರಗತಿಗೇ ಶಾಲೆ ಬಿಟ್ಟವಳು. ನನ್ನ ಪ್ರಬಂಧಗಳು ಅವಳಿಗೆ ದೂರ. ಮೀನಿನ ಬುಟ್ಟಿಯನ್ನು ಕೆಳಗಿಳಿಸಿ ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು. “ಇದು ನಾನಲ್ಲವಾ?” ಎಂದಳು. ಕೊನೆಯ ಚೌಕದ ಮೇಲೆ ಬೆರಳಿಟ್ಟು, “ಇಷ್ಟು ಹೆದರಿಕೆ ಇತ್ತಾ ಮಗಾ? ಹೇಳಲೇ ಇಲ್ಲವಲ್ಲ!” ಎಂದಳು. ಮೂರು ವರ್ಷಗಳಲ್ಲಿ ನಾನು ಬರೆದುದರಲ್ಲಿ ಅವಳು ಓದಿದ್ದು ಅದೊಂದನ್ನೇ.

“ನಿನ್ನ ಗೋಳು ಯಾರಿಗೆ ಬೇಕು?” ಎಂದು ಕೇಳುವವರಿದ್ದಾರೆ. ನನ್ನ ಬೆಂಚಿನಲ್ಲಿ ಕುಳಿತವರಿಗೇ ಬೇಕು; ಅವರ ಭಯವೂ ಅದೇ. “ಚಿತ್ರ ಬರುವುದಿಲ್ಲ” ಎನ್ನುವವರೂ ಉಂಟು. 1911ರಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಕೆಲವೇ ಗೆರೆಗಳಲ್ಲಿ ನರ್ತಕಿಯನ್ನು ಕುಣಿಸಿದರು. ಅವರ ಕೈ ನಮಗಿಲ್ಲ, ನಿಜ. ಆದರೆ ಗೆರೆ ಸತ್ಯವಾಗಿದ್ದರೆ ಸೊಟ್ಟಗಿದ್ದರೂ ಸಾಕು.

ಆದುದರಿಂದ ಮುಂದಿನ ಸಂಚಿಕೆಯಲ್ಲಿ ಕವನಗಳ ಪಕ್ಕದಲ್ಲಿ ನಾಲ್ಕು ಪುಟಗಳನ್ನು ವಿದ್ಯಾರ್ಥಿಗಳ ಚಿತ್ರಕಥೆಗೆ ಮೀಸಲಿಡಬೇಕೆಂದು ಸಂಪಾದಕ ಮಂಡಳಿಯಲ್ಲಿ ನನ್ನ ವಿನಂತಿ. ಆಗ ನಾನು ಇಲ್ಲಿರುವುದಿಲ್ಲ. ಆದರೂ ಅಮ್ಮನಿಗೆಂದು ಒಂದು ಪ್ರತಿಯನ್ನು ಕೇಳಿಕೊಂಡು ಬರುತ್ತೇನೆ.