ಸಂತೆಯಲ್ಲಿ ಹುಟ್ಟಿದ ನುಡಿ

ನಾಗಾಲ್ಯಾಂಡಿನ ದೀಮಾಪುರದ ಮಾರುಕಟ್ಟೆಯಲ್ಲಿ ಆವೊ ಬುಡಕಟ್ಟಿನ ಹೆಂಗಸೊಬ್ಬಳು ಅಂಗಾಮಿ ವ್ಯಾಪಾರಿಯ ಹತ್ತಿರ ಚೌಕಾಸಿಗಿಳಿದರೆ ಇಬ್ಬರ ತಾಯ್ನುಡಿಯೂ ಕೆಲಸಕ್ಕೆ ಬಾರದು. ಆಗ ನೆರವಿಗೆ ಬರುವುದು ನಾಗಾಮೀಸ್. ಅಸ್ಸಾಮಿನ ಬಯಲಿಗೂ ನಾಗಾ ಬೆಟ್ಟಗಳಿಗೂ ನಡುವೆ ನಡೆದ ವ್ಯಾಪಾರದಲ್ಲಿ ಮೊಳೆತ ಈ ನುಡಿಯಲ್ಲಿ ಕೊಹಿಮಾ ಆಕಾಶವಾಣಿ ವಾರ್ತೆ ಬಿತ್ತರಿಸುತ್ತದೆ. ದೀಮಾಪುರದ ಕಛಾರಿ ಸಮುದಾಯಕ್ಕೆ ಇದು ಮನೆಮಾತೇ. ಆದರೂ ಆಡುವವರೇ ಇದನ್ನು ‘ಸಂತೆ ಭಾಷೆ’, ‘ಮುರುಕು ಅಸ್ಸಾಮಿ’ ಎಂದು ಕೀಳಾಗಿ ಕಾಣುವುದುಂಟು.

ಮುರುಕು ಎಂಬ ಮಾತನ್ನು ನಾನು ಒಪ್ಪಲಾರೆ. ಅಸ್ಸಾಮಿಯಲ್ಲಿ ನಾನು, ನೀನು, ಅವನು ಎಂಬುದಕ್ಕೆ ತಕ್ಕಂತೆ ಕ್ರಿಯಾಪದದ ಕೊನೆ ಬದಲಾಗುತ್ತದೆ, ನಮ್ಮ ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆಗಳಂತೆ. ನಾಗಾಮೀಸಿನಲ್ಲಿ ಯಾರು ಹೊರಟರೂ ‘ಜಾಯ್ ಆಸೆ’. ಅದು ತಪ್ಪಲ್ಲ, ಎಲ್ಲರೂ ಪಾಲಿಸುವ ನಿಯಮ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಎಂ. ವಿ. ಶ್ರೀಧರ್ ಇಂಥ ನಿಯಮಗಳನ್ನು ಕಲೆಹಾಕಿ 1985ರಲ್ಲೇ ಇದರ ವ್ಯಾಕರಣ ಬರೆದರು.

ಆದರೆ ನಾಗಾಮೀಸನ್ನು ವಿರೋಧಿಸುವವರ ಭಯ ಬರಿಯ ಒಣಜಂಬವಲ್ಲ. ನಾಗಾಗಳಿಗೆ ಬುಡಕಟ್ಟಿನ ಗುರುತೇ ನುಡಿ. ಅಪ್ಪ ಲೋಥಾ, ಅಮ್ಮ ಸುಮಿ ಆಗಿರುವ ಪೇಟೆಯ ಮನೆಯಲ್ಲಿ ಮಗು ನಾಗಾಮೀಸನ್ನೇ ಮೊದಲು ಕಲಿತರೆ, ಹಳ್ಳಿಯ ಅಜ್ಜಿಯ ಹಾಡು, ಕಥೆ ಅದಕ್ಕೆ ದಕ್ಕುವುದಿಲ್ಲ. ಆ ನಷ್ಟವನ್ನು ಯಾವ ಸಂಪರ್ಕ ಭಾಷೆಯೂ ತುಂಬಿಕೊಡದು. ಇನ್ನೊಂದು ಗಾಯವೂ ಇದೆ: ಅಸ್ಸಾಮಿನಿಂದ ಬೇರೆಯಾಗಿ 1963ರಲ್ಲಿ ರಾಜ್ಯ ಕಟ್ಟಿಕೊಂಡವರಿಗೆ ಅಸ್ಸಾಮಿ ಬೇರಿನ ನುಡಿಯನ್ನು ನಮ್ಮದೆನ್ನಲು ಮನಸ್ಸು ಹಿಂಜರಿಯುತ್ತದೆ. 1967ರಲ್ಲಿ ಇಂಗ್ಲಿಷನ್ನು ರಾಜ್ಯಭಾಷೆಯಾಗಿ ಆರಿಸಿಕೊಂಡದ್ದರಿಂದ ಯಾವ ಬುಡಕಟ್ಟಿನ ನುಡಿಯೂ ಇನ್ನೊಂದರ ಮೇಲೇರಲಿಲ್ಲ ಎಂಬುದೂ ನಿಜ.

ಆದರೆ ಇಂಗ್ಲಿಷ್ ಬಾರದವರ ಪಾಡೇನು? ಆಸ್ಪತ್ರೆಯಲ್ಲಿ ಹೊಟ್ಟೆನೋವು ಹೇಳಿಕೊಳ್ಳಲು, ಪರಬುಡಕಟ್ಟಿನ ಸೊಸೆಯೊಂದಿಗೆ ಮಾತಾಡಲು ಅವರಿಗಿರುವುದು ನಾಗಾಮೀಸ್. ನನ್ನ ಒಲವು ಅವರ ಕಡೆಗೇ. ಇದನ್ನು ಹಳಿದ ಮಾತ್ರಕ್ಕೆ ಲೋಥಾ, ಸುಮಿ ಉಳಿಯುವುದಿಲ್ಲ. ಅವಕ್ಕೆ ಬೇಕಾದದ್ದು ಮನೆಯಲ್ಲಿ ಆಡುವವರು, ಶಾಲೆಯಲ್ಲಿ ಕಲಿಸುವವರು. ಆವೊ, ಸುಮಿ, ಲೋಥಾ, ತೆನ್ಯಿದಿಯೆ ನುಡಿಗಳಿಗೆ ಶಾಲೆಯಲ್ಲಿ ಈಗಾಗಲೇ ಜಾಗವಿದೆ. ಅದು ಇನ್ನಷ್ಟು ಗಟ್ಟಿಯಾಗಲಿ. ಅದರ ಜೊತೆಗೇ ಆಸ್ಪತ್ರೆಯ ಸೂಚನೆ, ಸರ್ಕಾರಿ ಯೋಜನೆಗಳ ತಿಳಿವಳಿಕೆ ಪತ್ರಗಳಾದರೂ ನಾಗಾಮೀಸಿನಲ್ಲಿ ಅಚ್ಚಾಗಲಿ. ಅದಕ್ಕೆ ಬೇಕಾದ ವ್ಯಾಕರಣ ಮೈಸೂರಿನಿಂದ ಹೊರಬಂದು ನಲವತ್ತು ವರ್ಷವಾಯಿತು.