ಕಾಶಿ, ಬನಾರಸ್, ವಾರಾಣಸಿ: ಊರು ಒಂದೇ, ರೈಲು ನಿಲ್ದಾಣ ಒಂದೇ ಅಲ್ಲ!

‘ಕಾಶಿಗೆ ಹೋಗುವವರು ತಪ್ಪದೇ ಓದಿ, ಎಲ್ಲರಿಗೂ ಕಳಿಸಿ’ ಎಂಬ ತಲೆಬರಹದ ಸಂದೇಶಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಬರುತ್ತಿರುತ್ತವೆ. ಎಲ್ಲಿ ಇಳಿಯಬೇಕು, ಆಟೊಗೆ ಎಷ್ಟು ಕೊಡಬೇಕು, ಯಾರನ್ನು ನಂಬಬಾರದು ಎಂಬ ಉದ್ದದ ಪಟ್ಟಿ ಅದರಲ್ಲಿರುತ್ತದೆ. ಬರೆದವರು ಯಾರು, ಯಾವ ವರ್ಷ ಬರೆದದ್ದು ಎಂಬುದು ಮಾತ್ರ ಇರುವುದಿಲ್ಲ.

ಇಂಥದ್ದೇ ಒಂದು ಸಂದೇಶ ನಮ್ಮ ತಂಡದ ಸಹೋದ್ಯೋಗಿಯೊಬ್ಬರ ಮನೆಯವರಿಗೆ ದುಬಾರಿಯಾಯಿತು. ‘ಕಾಶಿ, ಬನಾರಸ್, ವಾರಾಣಸಿ ಎಲ್ಲ ಒಂದೇ, ಗೊಂದಲ ಬೇಡ’ ಎಂದು ಅದರಲ್ಲಿತ್ತು. ಅವರ ತಾಯಿ ಮತ್ತು ಚಿಕ್ಕಮ್ಮ ಕಾಶಿಯಿಂದ ದೆಹಲಿಗೆ ಹೋಗಬೇಕಿತ್ತು. ಟಿಕೆಟ್‌ನಲ್ಲಿ ‘ಬನಾರಸ್’ ಎಂದಿತ್ತು. ಇಬ್ಬರೂ ಆಟೊ ಹತ್ತಿ ‘ಸ್ಟೇಷನ್’ ಎಂದರು. ಆಟೊದವರು ಊರಿನ ದೊಡ್ಡ ನಿಲ್ದಾಣವಾದ ವಾರಾಣಸಿ ಜಂಕ್ಷನ್‌ಗೆ ಕರೆದೊಯ್ದು ಬಿಟ್ಟರು. ಅಲ್ಲಿನ ಬೋರ್ಡಿನಲ್ಲಿ ತಮ್ಮ ರೈಲು ಕಾಣದೆ ವಿಚಾರಿಸಿದಾಗಲೇ ತಪ್ಪು ಗೊತ್ತಾಗಿದ್ದು. ಸಂಜೆಯ ಟ್ರಾಫಿಕ್‌ನಲ್ಲಿ ಇನ್ನೊಂದು ನಿಲ್ದಾಣ ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಆಟೊದವರು ಮೋಸ ಮಾಡಿರಲಿಲ್ಲ. ಅವರಿಗೆ ಹೇಳಿದ ವಿಳಾಸವೇ ಅರ್ಧ ಇತ್ತು.

ಹಾಗಾದರೆ ವಾಸ್ತವವೇನು? ಒಂದೊಂದಾಗಿ ನೋಡೋಣ.

ಕಾಶಿಯಲ್ಲಿ ಎಷ್ಟು ನಿಲ್ದಾಣಗಳಿವೆ?

ಯಾತ್ರಿಕರು ಮುಖ್ಯವಾಗಿ ತಿಳಿದಿರಬೇಕಾದವು ಐದು.

ವಾರಾಣಸಿ ಜಂಕ್ಷನ್: ಕೋಡ್ ಬಿ.ಎಸ್.ಬಿ. ಊರಿನವರು ಇದನ್ನು ‘ಕ್ಯಾಂಟ್’ ಎನ್ನುತ್ತಾರೆ. ಗುಡಿಯಂತೆ ಕಾಣುವ ಕಟ್ಟಡವಿರುವುದು ಇಲ್ಲೇ. ವಿಶ್ವನಾಥ ದೇವಸ್ಥಾನ ಇಲ್ಲಿಂದ ನಾಲ್ಕೈದು ಕಿ.ಮೀ. ದೂರ.

ಬನಾರಸ್: ಕೋಡ್ ಬಿ.ಎಸ್.ಬಿ.ಎಸ್. ಇದರ ಹಳೆಯ ಹೆಸರು ಮಂಡುವಾಡೀಹ್. 2021ರ ಜುಲೈನಲ್ಲಿ ಹೆಸರು ಬದಲಾಯಿತು. ಆಟೊದವರಿಗೆ ಎರಡೂ ಹೆಸರು ಹೇಳುವುದು ಒಳ್ಳೆಯದು.

ವಾರಾಣಸಿ ಸಿಟಿ: ಹೆಸರಿನಲ್ಲಿ ‘ಸಿಟಿ’ ಇದ್ದರೂ ಇದು ಊರಿನ ಮುಖ್ಯ ನಿಲ್ದಾಣವಲ್ಲ.

ಕಾಶಿ: ಘಾಟ್‌ಗಳ ಉತ್ತರ ತುದಿಯಲ್ಲಿ, ರಾಜ್‌ಘಾಟ್ ಸೇತುವೆ ಪಕ್ಕದಲ್ಲಿದೆ. ‘ಕಾಶಿಗೆ ಹೋಗುತ್ತೇವೆ’ ಎನ್ನುವ ನಮ್ಮವರಲ್ಲಿ ಹೆಚ್ಚಿನವರು ಇಳಿಯುವುದು ಈ ಕಾಶಿಯಲ್ಲಲ್ಲ!

ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್: ಕೋಡ್ ಡಿ.ಡಿ.ಯು. 2018ರವರೆಗೆ ಇದು ಮೊಘಲ್‌ಸರಾಯ್. ಗಂಗೆಯ ಆಚೆ ದಡದ ಚಂದೌಲಿ ಜಿಲ್ಲೆಯಲ್ಲಿದೆ. ವಾರಾಣಸಿಗೆ ಸುಮಾರು 16-17 ಕಿ.ಮೀ. ಬೆಂಗಳೂರಿನಿಂದ ದಾನಾಪುರಕ್ಕೆ ಹೋಗುವ ಸಂಘಮಿತ್ರಾ ಎಕ್ಸ್‌ಪ್ರೆಸ್ ವಾರಾಣಸಿ ಜಂಕ್ಷನ್‌ಗೆ ಬರುವುದಿಲ್ಲ. ಅದರಲ್ಲಿ ಕಾಶಿಗೆ ಹೋಗುವವರು ಇಳಿಯಬೇಕಾದದ್ದು ಇಲ್ಲೇ.

ಮೊದಲ ಎರಡು ಕೋಡ್‌ಗಳನ್ನು ಇನ್ನೊಮ್ಮೆ ನೋಡಿ. ವ್ಯತ್ಯಾಸ ಒಂದೇ ಅಕ್ಷರ. ಮೊಬೈಲ್ ಪರದೆಯಲ್ಲಿ ಕಣ್ಣು ತಪ್ಪುವುದು ಸುಲಭ.

ಒಂದೇ ಊರಿಗೆ ಇಷ್ಟೊಂದು ನಿಲ್ದಾಣ ಯಾಕೆ?

ಇದಕ್ಕೆ ಕಾರಣ ನದಿ ಮತ್ತು ಹಳೆಯ ರೈಲ್ವೆ ಕಂಪನಿಗಳು. ಕೋಲ್ಕತ್ತಾ ಕಡೆಯಿಂದ ಈಸ್ಟ್ ಇಂಡಿಯನ್ ರೈಲ್ವೆಯ ಮುಖ್ಯ ಮಾರ್ಗ 1860ರ ದಶಕದಲ್ಲಿ ಇಲ್ಲಿಗೆ ಬಂದಾಗ ಗಂಗೆಯ ದಕ್ಷಿಣದಲ್ಲೇ ಉಳಿದು ಅಲಹಾಬಾದ್ ಕಡೆಗೆ ಸಾಗಿತು. ಹೀಗಾಗಿ ಆ ದಡದ ಮೊಘಲ್‌ಸರಾಯ್ ದೊಡ್ಡ ಜಂಕ್ಷನ್ ಆಗಿ ಬೆಳೆಯಿತು. ವಾರಾಣಸಿಯಲ್ಲಿ ಗಂಗೆಗೆ ರೈಲು ಸೇತುವೆ ಆದದ್ದು 1887ರಲ್ಲಿ. ಆಗ ಅದು ಡಫರಿನ್ ಸೇತುವೆ, ಈಗ ಮಾಳವೀಯ ಸೇತುವೆ. ಕೆಳಗೆ ರೈಲು, ಮೇಲೆ ರಸ್ತೆ. ಇದನ್ನು ಕಟ್ಟಿದ್ದು ಅವಧ್ ಮತ್ತು ರೋಹಿಲ್‌ಖಂಡ್ ರೈಲ್ವೆ ಎಂಬ ಇನ್ನೊಂದು ಕಂಪನಿ. ವಾರಾಣಸಿ ಸಿಟಿ, ಮಂಡುವಾಡೀಹ್ ನಿಲ್ದಾಣಗಳು ಬೇರೆಯೇ ಮೀಟರ್ ಗೇಜ್ ಜಾಲದವು.

ಕಂಪನಿಗಳು ಹೋಗಿ ದಶಕಗಳಾದರೂ ಅದರ ಗುರುತು ಉಳಿದಿದೆ. ಇಂದಿಗೂ ವಾರಾಣಸಿ ಜಂಕ್ಷನ್ ಉತ್ತರ ರೈಲ್ವೆಗೆ, ಬನಾರಸ್ ಈಶಾನ್ಯ ರೈಲ್ವೆಗೆ, ದೀನ್ ದಯಾಳ್ ಜಂಕ್ಷನ್ ಪೂರ್ವ ಮಧ್ಯ ರೈಲ್ವೆಗೆ ಸೇರಿವೆ.

ಭಕ್ತರಿಗೆ ಕಾಶಿ, ಬನಾರಸ್, ವಾರಾಣಸಿ ಒಂದೇ ಕ್ಷೇತ್ರದ ಮೂರು ಹೆಸರು. ಈ ಮಾತು ನಿಜ. ಆದರೆ ರೈಲ್ವೆ ಲೆಕ್ಕದಲ್ಲಿ ಅವು ಮೂರು ಬೇರೆ ಬೇರೆ ನಿಲ್ದಾಣಗಳು. ಫಾರ್ವರ್ಡ್ ಸಂದೇಶ ಅರ್ಧ ಸತ್ಯ ಹೇಳಿತ್ತು. ಪೂರ್ತಿ ಸುಳ್ಳಾಗಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರೇನೋ!

‘ಮೊಘಲ್‌ಸರಾಯ್‌ಗೆ ಟಿಕೆಟ್ ಮಾಡಲೇಬೇಡಿ’ ಎನ್ನುವುದು ಸರಿಯೇ?

ಸರಿಯಲ್ಲ. ಅದು ಮುಖ್ಯ ಮಾರ್ಗದ ನಿಲ್ದಾಣವಾದ್ದರಿಂದ ರೈಲುಗಳ ಸಂಖ್ಯೆ ಹೆಚ್ಚು. ಅಲ್ಲಿಂದ ವಾರಾಣಸಿಗೆ ಆಟೊ, ಟ್ಯಾಕ್ಸಿ ಸಿಗುತ್ತವೆ. ಕೆಲವು ರೈಲುಗಳೂ ಇವೆ. ಆದರೆ ಸೇತುವೆ ದಾಟಿ ಬರಬೇಕು, ದಟ್ಟಣೆ ಇದ್ದರೆ ಹೊತ್ತು ಹಿಡಿಯುತ್ತದೆ. ನಡುರಾತ್ರಿ ತಲುಪುವ ರೈಲಾದರೆ, ವಯಸ್ಸಾದವರು ಜೊತೆಗಿದ್ದರೆ ವಾಹನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಮರಳಿ ಬರುವಾಗ ಇನ್ನೂ ಎಚ್ಚರ ಬೇಕು. ಟಿಕೆಟ್‌ನಲ್ಲಿರುವ ಬೋರ್ಡಿಂಗ್ ನಿಲ್ದಾಣದಲ್ಲಿ ನೀವು ಹತ್ತದಿದ್ದರೆ ನಿಮ್ಮ ಬರ್ತ್ ಬೇರೆಯವರಿಗೆ ಹೋಗಬಹುದು. ಬದಲಿಸುವುದಿದ್ದರೆ ಮೊದಲೇ ಬದಲಿಸಿ.

ನಿಲ್ದಾಣದಿಂದ ದೇವಸ್ಥಾನದ ಬಾಗಿಲಿಗೇ ವಾಹನ ಹೋಗುತ್ತದೆಯೇ?

ಇಲ್ಲ. ಹಳೆಯ ಊರು ನದಿಗೆ ಅಂಟಿಕೊಂಡು ಬೆಳೆದದ್ದು. ಅದರೊಳಗೆ ರೈಲೂ ಬರಲಿಲ್ಲ, ಕಾರೂ ಹಿಡಿಯುವುದಿಲ್ಲ. ದೇವಸ್ಥಾನದ ಹತ್ತಿರದ ವೃತ್ತ ಗೊದೌಲಿಯಾ. ಜನಜಂಗುಳಿ ಇರುವಾಗ ವಾಹನಗಳನ್ನು ಅದಕ್ಕೂ ಮೊದಲೇ ತಡೆಯುತ್ತಾರೆ. ಉಳಿದದ್ದು ಕಾಲ್ನಡಿಗೆ. ‘ಇಲ್ಲೇ ಇಳಿಯಿರಿ’ ಎಂದ ಕೂಡಲೇ ಚಾಲಕ ಮೋಸ ಮಾಡಿದ ಎಂದುಕೊಳ್ಳಬೇಡಿ. ಬಾಡಿಗೆ ಮಾತಾಡುವಾಗಲೇ ‘ಎಲ್ಲಿಯವರೆಗೆ ಬಿಡುತ್ತೀರಿ’ ಎಂದು ಕೇಳಿಕೊಳ್ಳಿ.

ಕ್ಯಾಂಟ್ ನಿಲ್ದಾಣದಿಂದ ಗೊದೌಲಿಯಾಕ್ಕೆ ರೋಪ್‌ವೇ ಯೋಜನೆಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಗಿದೆ. ಅದರ ವಿಡಿಯೊಗಳೂ ಸಾಕಷ್ಟು ಹರಿದಾಡುತ್ತವೆ. ವಿಡಿಯೊ ನಂಬಿ ಹೋಗುವ ಬದಲು, ನೀವು ಹೋಗುವ ದಿನ ಸಂಚಾರ ಇದೆಯೇ ಎಂದು ನಿಲ್ದಾಣದಲ್ಲೇ ವಿಚಾರಿಸಿ.

ಗಲ್ಲಿಗಳಲ್ಲಿ ಮ್ಯಾಪ್ ಯಾಕೆ ದಾರಿ ತಪ್ಪಿಸುತ್ತದೆ?

ನಿಮ್ಮ ಫೋನ್ ಸ್ಥಳ ಕಂಡುಹಿಡಿಯಲು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಬಯಲಿನಲ್ಲಿ ಇದು ಸುಮಾರು ಐದು ಮೀಟರ್‌ನಷ್ಟು ನಿಖರ. ಎರಡೂ ಕಡೆ ಮೂರ್ನಾಲ್ಕು ಅಂತಸ್ತಿನ ಮನೆಗಳಿರುವ ಕಿರಿದಾದ ಗಲ್ಲಿಯಲ್ಲಿ ಆಕಾಶ ಕಾಣುವುದೇ ಒಂದು ಪಟ್ಟಿಯಷ್ಟು. ಸಂಕೇತಗಳು ಗೋಡೆಗೆ ಬಡಿದು ತಡವಾಗಿ ಫೋನ್ ಸೇರುತ್ತವೆ. ಆಗ ಫೋನ್ ದೂರವನ್ನು ತಪ್ಪಾಗಿ ಲೆಕ್ಕ ಹಾಕುತ್ತದೆ. ನೀವು ನಿಂತಿರುವ ಗಲ್ಲಿ ಬಿಟ್ಟು ಪಕ್ಕದ ಗಲ್ಲಿಯಲ್ಲಿ ನೀಲಿ ಚುಕ್ಕೆ ಕಾಣುವುದು ಇದೇ ಕಾರಣಕ್ಕೆ.

ಇದಕ್ಕೆ ಊರೇ ಒಂದು ಪರಿಹಾರ ಕೊಟ್ಟಿದೆ. ಇಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ, ಊರು ಪಶ್ಚಿಮ ದಡದಲ್ಲಿದೆ. ಅಂದರೆ ನದಿ ಇರುವುದು ಪೂರ್ವಕ್ಕೆ. ನೀರಿಗೆ ಮುಖಮಾಡಿ ನಿಂತರೆ ಬಲಕ್ಕೆ ಅಸ್ಸಿ ಘಾಟ್, ಎಡಕ್ಕೆ ರಾಜ್‌ಘಾಟ್. ದಾರಿ ತಪ್ಪಿದರೆ ‘ಘಾಟ್ ಎಲ್ಲಿ’ ಎಂದು ಕೇಳಿ ನದಿಗೆ ಇಳಿಯಿರಿ. ಪ್ರತಿ ಘಾಟ್‌ನ ಹೆಸರು ಗೋಡೆಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಹರಿಶ್ಚಂದ್ರ ಘಾಟ್ ಹತ್ತಿರ ನಮ್ಮ ಕರ್ನಾಟಕ ಘಾಟ್ ಕೂಡ ಸಿಗುತ್ತದೆ. ಆದರೆ ಮಳೆಗಾಲದಲ್ಲಿ ನೀರು ಏರಿ ಮೆಟ್ಟಿಲುಗಳು ಮುಳುಗುತ್ತವೆ. ಆಗ ಈ ದಾರಿ ಬೇಡ, ರಸ್ತೆಯಲ್ಲೇ ಹೋಗಿ.

‘ಇವತ್ತು ದೇವಸ್ಥಾನ ಮುಚ್ಚಿದೆ’ ಎಂದರೆ?

‘ನಿಮ್ಮ ಲಾಡ್ಜ್ ಮುಚ್ಚಿದೆ, ಬೇರೆ ತೋರಿಸುತ್ತೇನೆ’, ‘ದರ್ಶನ ಇಲ್ಲ, ನನಗೆ ಗೊತ್ತಿರುವ ದಾರಿ ಇದೆ’ ಎಂಬ ಮಾತುಗಳನ್ನು ಪ್ರವಾಸಿಗರಿರುವ ಬಹುತೇಕ ಊರುಗಳ ನಿಲ್ದಾಣದ ಹೊರಗೆ ಕೇಳಬಹುದು. ಲಾಡ್ಜಿಗೆ ನೀವೇ ಫೋನ್ ಮಾಡಿ. ವಿಶ್ವನಾಥ ದೇವಸ್ಥಾನದಲ್ಲಿ ನಸುಕಿನ ಮಂಗಳಾರತಿಯಿಂದ ರಾತ್ರಿಯ ಶಯನಾರತಿವರೆಗೆ ಪೂಜೆ ನಡೆಯುತ್ತದೆ. ಹಣ ಕೊಟ್ಟು ಪಡೆಯುವ ದರ್ಶನ ಬೇಕಿದ್ದರೆ ದೇವಸ್ಥಾನ ಟ್ರಸ್ಟ್‌ನ ಕೌಂಟರ್ ಅಥವಾ ಜಾಲತಾಣದಲ್ಲಿ ಮಾತ್ರ ಪಡೆಯಿರಿ.

ಹಾಗೆಂದು ‘ಅಲ್ಲಿ ಯಾರನ್ನೂ ಮಾತಾಡಿಸಬೇಡಿ, ಎಲ್ಲರೂ ಮೋಸಗಾರರು’ ಎಂಬ ಸಂದೇಶವೂ ಅಪಾಯಕಾರಿಯೇ. ದಾರಿ ತಪ್ಪಿದ ಅಜ್ಜಿಗೆ ನೆರವಾಗುವವರು ಅಲ್ಲಿನ ಚಹಾ ಅಂಗಡಿಯವರೇ ಹೊರತು ನಮ್ಮ ಗ್ರೂಪ್‌ನವರಲ್ಲ.

ಚೀಟಿಯೊಂದು ಜೇಬಿನಲ್ಲಿರಲಿ

ದೇವಸ್ಥಾನದೊಳಗೆ ಮೊಬೈಲ್ ಒಯ್ಯುವಂತಿಲ್ಲ. ಲಾಕರ್‌ನಲ್ಲಿಟ್ಟು ಹೋಗಬೇಕು. ಜನರ ನಡುವೆ ಮನೆಯವರು ಬೇರೆಯಾದರೆ ಫೋನ್ ಮಾಡುವ ದಾರಿಯೇ ಇರುವುದಿಲ್ಲ. ಹೀಗಾಗಿ ಲಾಡ್ಜಿನ ಹೆಸರು, ಹತ್ತಿರದ ಘಾಟ್, ಒಂದು ಫೋನ್ ನಂಬರ್, ಮರಳುವ ನಿಲ್ದಾಣದ ಹೆಸರು ಮತ್ತು ಕೋಡ್ ಇಷ್ಟನ್ನು ಹಿಂದಿಯಲ್ಲಿ ಬರೆದ ಚೀಟಿ ಪ್ರತಿಯೊಬ್ಬರ ಬಳಿಯೂ ಇರಲಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಎಂಬುದನ್ನು ಒಳಹೋಗುವ ಮುನ್ನ ಮಾತಾಡಿಕೊಳ್ಳಿ. ರೈಲಿನ ಮಾಹಿತಿಗೆ 139, ತುರ್ತು ನೆರವಿಗೆ 112.

ಕೊನೆಯದಾಗಿ

ಬೆಂಗಳೂರಿನಿಂದ ಮೊದಲ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟದ್ದು 2022ರ ನವೆಂಬರ್ 11ರಂದು. ಅಂಥ ಪ್ಯಾಕೇಜ್‌ನಲ್ಲಿ ಹೋದರೆ ದಾರಿ ತೋರಿಸುವವರು ಜೊತೆಗಿರುತ್ತಾರೆ. ಸ್ವಂತ ಟಿಕೆಟ್‌ನಲ್ಲಿ ಹೋಗುವ ಹಿರಿಯರಿಗೆ ಮನೆಯ ಗ್ರೂಪ್‌ನಲ್ಲಿ ಬಂದ ಸಂದೇಶವೇ ಗೈಡ್. ಅದಕ್ಕೇ ಅದು ಸರಿಯಾಗಿರಬೇಕು.

ಮುಂದಿನ ಸಲ ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಯಾವ ನಿಲ್ದಾಣದ ಬಗ್ಗೆ ಹೇಳುತ್ತಿದೆ? ಯಾವಾಗ ಬರೆದದ್ದು? ಟಿಕೆಟ್‌ನಲ್ಲಿರುವ ಕೋಡ್‌ಗೆ ತಾಳೆಯಾಗುತ್ತದೆಯೇ? ಉತ್ತರ ಸಿಗದಿದ್ದರೆ ಫಾರ್ವರ್ಡ್ ಬೇಡ. ಅದರ ಬದಲು ಹೊರಟಿರುವವರಿಗೆ ಒಂದು ಕರೆ ಮಾಡಿ, ‘ಟಿಕೆಟ್‌ನಲ್ಲಿ ಯಾವ ಸ್ಟೇಷನ್ ಇದೆ, ಒಮ್ಮೆ ಓದಿ ಹೇಳಿ’ ಎನ್ನಿ.