ಇತ್ತೀಚೆಗೆ ನೋಡಿದ ಸಿನಿಮಾಗಳು ಮತ್ತು ನಮ್ಮ ಮನೆಯ ಪಂಚಸೂತಕ



ನಾನು ಸಿನಿಮಾ ಹುಚ್ಚಿನವನಲ್ಲ. 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಊರಿನ ಮಠದ ಶಿವಾನುಭವ ಗೋಷ್ಠಿಯಲ್ಲಿ ಆಗಾಗ ಮಾತನಾಡುವುದು, ಶ್ರಾವಣದಲ್ಲಿ ತಪ್ಪದೆ ಪ್ರವಚನ ಕೇಳುವುದು, ಇಷ್ಟೇ ನನ್ನ ಸಾರ್ವಜನಿಕ ಬದುಕು. ಈ ಸಲ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸು ರಾತ್ರಿ ಹನ್ನೆರಡಾದರೂ ಮಲಗುತ್ತಿರಲಿಲ್ಲ. ಅದನ್ನು ತೊಡೆಯ ಮೇಲೆ ಹಾಕಿಕೊಂಡು ಮಗಳು ಟಿವಿಗೆ ಇಂಟರ್‌ನೆಟ್ ಜೋಡಿಸಿ ಒಂದೊಂದೇ ಸಿನಿಮಾ ಹಾಕುತ್ತಿದ್ದಳು. ಹೀಗಾಗಿ ಮೂವತ್ತು ವರ್ಷದಲ್ಲಿ ನೋಡದಷ್ಟನ್ನು ಮೂರು ತಿಂಗಳಲ್ಲಿ ನೋಡಿದೆ. ಅದರಲ್ಲಿ ಒಂದು ಸಿನಿಮಾ ನಿದ್ದೆ ಕೆಡಿಸಿತು. ಅದಕ್ಕಾಗಿ ಈ ಬರಹ.

ಸಂಜೆಯ ಧಾರಾವಾಹಿಗಳ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ ಇರುವ ನಮ್ಮ ಮನೆಗಳಲ್ಲಿ ಏಳರಿಂದ ಒಂಬತ್ತರವರೆಗೆ ಏನು ನಡೆಯುತ್ತದೆ? ದೀಪ ಆರಿದರೆ ಗಂಡನಿಗೆ ಗಂಡಾಂತರ, ಕುಂಕುಮ ಚೆಲ್ಲಿದರೆ ಅಪಶಕುನ, ಜಾತಕ ನೋಡಿದ ಗುರುಗಳು ಹೇಳಿದಂತೆ ಸೊಸೆಗೆ ಉರುಳುಸೇವೆ. ಬೆಳಿಗ್ಗೆ ಲಿಂಗಪೂಜೆ ಮಾಡಿದವರೇ ಸಂಜೆ ಇದನ್ನು ನೋಡಿ ಕಣ್ಣೀರು ಹಾಕುತ್ತೇವೆ. ಟಿವಿಯಿಂದ ಒಳ್ಳೆಯದು ಆಗುವುದೇ ಇಲ್ಲವೆಂದು ನಾನು ಹೇಳಲಾರೆ. ಅಂಬೇಡ್ಕರ್ ಅವರ ಜೀವನದ ‘ಮಹಾನಾಯಕ’ ಕನ್ನಡಕ್ಕೆ ಡಬ್ ಆಗಿ 2020ರಲ್ಲಿ ಬಂದಾಗ ಹಳ್ಳಿಹಳ್ಳಿಗಳಲ್ಲಿ ಅದಕ್ಕೆ ಬ್ಯಾನರ್ ಕಟ್ಟಿದ್ದರು. ಅದು ಅಪರೂಪದ ಮಾತು.

ಶರಣರ ಮೇಲಿನ ಸಿನಿಮಾಗಳನ್ನೂ ನೋಡಿದೆ. 1959ರ ‘ಜಗಜ್ಯೋತಿ ಬಸವೇಶ್ವರ’ವನ್ನು ಹುಡುಗನಿದ್ದಾಗ ಟೂರಿಂಗ್ ಟಾಕೀಸಿನಲ್ಲಿ, ನೆಲದ ಮೇಲೆ ಕೂತು ನೋಡಿದ್ದೆ, ಹೊನ್ನಪ್ಪ ಭಾಗವತರು ಬಸವಣ್ಣನಾಗಿ, ರಾಜಕುಮಾರ್ ಬಿಜ್ಜಳನಾಗಿ. ಟಿ. ಎಸ್. ನಾಗಾಭರಣರ ‘ಅಲ್ಲಮ’ (2017) ಈಗ ನೋಡಿದ್ದು. ಮದ್ದಳೆ ಬಾರಿಸುವ ಹುಡುಗನಾಗಿ ಧನಂಜಯ ಚೆನ್ನಾಗಿ ಅಭಿನಯಿಸಿದ್ದಾರೆ, ಅದರ ಹಿನ್ನೆಲೆ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ಒಂದು ಮಾತು ಹೇಳಬೇಕು. ಇಂಥವನ್ನು ನೋಡಿ ಎದ್ದಾಗ ನನಗೆ ಏನೂ ಆಗುವುದಿಲ್ಲ. ಕೈ ಮುಗಿದು ಮಲಗುತ್ತೇನೆ. ತಪ್ಪು ಮಾಡಿದವರೆಲ್ಲ ಬಿಜ್ಜಳನ ಆಸ್ಥಾನದವರು, ನಾನಲ್ಲ.

ನಿದ್ದೆ ಕೆಡಿಸಿದ್ದು ಮಲಯಾಳದ ಸಿನಿಮಾ. ಹೆಸರು ‘ದಿ ಗ್ರೇಟ್ ಇಂಡಿಯನ್ ಕಿಚನ್’. ಜಿಯೋ ಬೇಬಿ ಎನ್ನುವವರು ನಿರ್ದೇಶಿಸಿದ್ದು, 2021ರ ಜನವರಿಯಲ್ಲಿ ಬಂದದ್ದು. ನಾನು ನೋಡಿದ್ದು ತಡವಾಗಿ. ಭಾಷೆ ಬರುವುದಿಲ್ಲವಲ್ಲ ಎಂದೆ. ಕೆಳಗೆ ಬರುವ ಇಂಗ್ಲಿಷ್ ಓದಿ ಹೇಳುತ್ತೇನೆಂದು ಮಗಳು ಶುರುಮಾಡಿದಳು, ಅರ್ಧ ಗಂಟೆ ಕಳೆದ ಮೇಲೆ ಅದರ ಅಗತ್ಯವೇ ಬೀಳಲಿಲ್ಲ.

ಕಥೆ ಅನ್ನುವಂಥದ್ದು ದೊಡ್ಡದೇನಿಲ್ಲ. ನೃತ್ಯ ಬಲ್ಲ ಹುಡುಗಿಯೊಬ್ಬಳು ಮದುವೆಯಾಗಿ ಒಳ್ಳೆಯ ಮನೆತನಕ್ಕೆ ಬರುತ್ತಾಳೆ. ಪಾತ್ರಗಳಿಗೆ ಹೆಸರೇ ಇಲ್ಲ. ಗಂಡ ನನ್ನ ಹಾಗೆಯೇ ಮಾಸ್ತರ. ಹೆಂಡತಿಯಾಗಿ ನಿಮಿಷಾ ಸಜಯನ್, ಗಂಡನಾಗಿ ಸೂರಜ್ ವೆಂಜಾರಮೂಡು. ದಿನ ಬೆಳಗಾದರೆ ತರಕಾರಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು, ರುಬ್ಬುವುದು, ಬಡಿಸುವುದು, ಪಾತ್ರೆ ತಿಕ್ಕುವುದು. ಮತ್ತೆ ಮರುದಿನ ಅದೇ. ಮಾವ ಬೈಯುವವನಲ್ಲ, ಕೂಗುವವನಲ್ಲ. ಬಹಳ ಮೃದುವಾಗಿ, ಅನ್ನ ಕುಕ್ಕರಿನಲ್ಲಿ ಬೇಡ ಒಲೆಯ ಮೇಲೆ ಮಾಡು, ಚಟ್ನಿ ಮಿಕ್ಸಿಯಲ್ಲಿ ಬೇಡ ಕಲ್ಲಿನಲ್ಲಿ ಅರೆ, ನನ್ನ ಬಟ್ಟೆ ಮಶೀನಿಗೆ ಹಾಕಬೇಡ ಎನ್ನುತ್ತಾನೆ. ಹಲ್ಲುಜ್ಜುವ ಬ್ರಷ್ ಕೂಡ ಅವನ ಕೈಗೆ ತಂದುಕೊಡಬೇಕು. ಸಿಂಕಿನ ಕೊಳವೆ ಸೋರುತ್ತಿದೆ, ರಿಪೇರಿಯವನನ್ನು ಕರೆಸಿ ಎಂದರೆ ಗಂಡನಿಗೆ ದಿನಾಲೂ ಮರೆವು. ಊಟದ ಮೇಜಿನ ಮೇಲೆ ಅಪ್ಪ ಮಗ ಅಗಿದು ಉಗಿದ ಚೂರುಗಳನ್ನು ಅವಳು ಕೈಯಿಂದ ಬಳಿಯುವುದನ್ನು ತೋರಿಸುತ್ತಾರೆ. ಒಂದು ಸಲವಲ್ಲ, ಹಲವು ಸಲ. ಎಂಜಲ ಸೂತಕ ಎನ್ನುವುದು ಯಾರಿಗೆ, ಯಾವಾಗ ಎಂದು ನಾನು ಯೋಚಿಸಿದ್ದು ಆ ರಾತ್ರಿ.

ಆಮೇಲೆ ಅವಳಿಗೆ ಮುಟ್ಟಾಗುತ್ತದೆ. ಕಾಲವೋ, ಎಲ್ಲ ವಯಸ್ಸಿನ ಹೆಣ್ಣುಮಕ್ಕಳೂ ಶಬರಿಮಲೆಗೆ ಹೋಗಬಹುದೆಂದು 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ನಂತರದ ದಿನಗಳು. ಗಂಡ ಮತ್ತು ಮಾವ ಮಾಲೆ ಹಾಕಿ ವ್ರತದಲ್ಲಿದ್ದಾರೆ. ಇವಳು ಒಂದು ಕೋಣೆಯಲ್ಲಿ, ನೆಲದ ಮೇಲೆ. ಸ್ಕೂಟರಿನಿಂದ ಬಿದ್ದ ಗಂಡನನ್ನು ಎತ್ತಲು ಓಡಿಬಂದರೆ ಮುಟ್ಟಿದೆಯಲ್ಲ ಎಂದು ಅವನು ಸಿಡಿಮಿಡಿಗೊಳ್ಳುತ್ತಾನೆ.

ಇಲ್ಲಿ ನಾನು, “ನೋಡು, ಶರಣರು 900 ವರ್ಷದ ಹಿಂದೆಯೇ ಇದನ್ನೆಲ್ಲ ಕಿತ್ತೊಗೆದರು. ಜನನ, ಮರಣ, ರಜ, ಎಂಜಲು, ಜಾತಿ, ಐದೂ ಸೂತಕ ನಮಗಿಲ್ಲ. ಕೇರಳದವರು ಈಗ ಸಿನಿಮಾ ಮಾಡ್ತಾರ” ಎಂದೆ. ಗೋಷ್ಠಿಯಲ್ಲಿ ಹತ್ತಾರು ಸಲ ಹೇಳಿದ ಮಾತು, ತಾನಾಗಿಯೇ ಬಾಯಿಗೆ ಬಂತು.

ಮಗಳು ಟಿವಿ ನಿಲ್ಲಿಸಿದಳು. “ಅಪ್ಪಾ, ಹಿತ್ತಲ ಕೋಣ್ಯಾಗ ಒಂದು ಈಚಲ ಚಾಪಿ ಇತ್ತಲ್ಲ, ಅದು ಯಾರದ್ದು?”

ಅದು ಅವಳದ್ದು. ಅವಳು ಎಂಟನೆಯ ಇಯತ್ತೆಯಲ್ಲಿದ್ದಾಗಿನಿಂದ ಕಾಲೇಜಿಗೆ ಧಾರವಾಡಕ್ಕೆ ಹೋಗುವವರೆಗೆ, ತಿಂಗಳಿಗೆ ಮೂರು ದಿನ ಅದರ ಮೇಲೆ. ಆಗ ನನ್ನ ಅವ್ವ ಇದ್ದಳು, ಆಕೆಯ ಕಟ್ಟುನಿಟ್ಟು. ಅವ್ವನನ್ನು ನೋಯಿಸಬಾರದು ಎಂದು ನಾನು ಸುಮ್ಮನಿದ್ದೆ ಎನ್ನುವುದು ನಾನು ನನಗೇ ಹೇಳಿಕೊಂಡ ಕಾರಣ. ನಿಜ ಬೇರೆ. ನನಗೆ ಅದು ಕಂಡೇ ಇರಲಿಲ್ಲ. ಆ ಮೂರು ದಿನ ಅವಳು ಇಷ್ಟಲಿಂಗವನ್ನೂ ಮುಟ್ಟುತ್ತಿರಲಿಲ್ಲವಂತೆ. ಅದೂ ನನಗೆ ಆ ರಾತ್ರಿಯೇ ತಿಳಿದದ್ದು. ಮೈಮೇಲೆ ಲಿಂಗವಿದ್ದವರಿಗೆ ಸೂತಕವಿಲ್ಲ ಎಂದು ಮೈಕಿನಲ್ಲಿ ಹೇಳಿ ಬಂದವನ ಮನೆಯಲ್ಲಿ, ಹದಿಮೂರರ ಹುಡುಗಿ ಲಿಂಗವನ್ನು ಬಿಚ್ಚಿ ಗೂಡಿನಲ್ಲಿಟ್ಟು ಚಾಪೆಯ ಮೇಲೆ ಕೂತಿದ್ದಳು.

ಹೆಂಡತಿ ನಡುವೆ ಬಾಯಿ ಹಾಕಲಿಲ್ಲ. ಸಿನಿಮಾ ಮುಗಿದ ಮೇಲೆ ಒಂದೇ ಮಾತು ಕೇಳಿದಳು: “ನಿಮ್ಮ ಪೂಜಿ ಎಷ್ಟಕ್ಕ, ನನ್ನ ಪೂಜಿ ಎಷ್ಟಕ್ಕ?” ನನ್ನದು ಬೆಳಿಗ್ಗೆ ಆರಕ್ಕೆ. ಏಳುವಷ್ಟರಲ್ಲಿ ಮಣೆ, ವಿಭೂತಿ, ಮಡಿಬಟ್ಟೆ, ತಂಬಿಗೆ ನೀರು, ಪತ್ರೆ, ಹೂವು ಎಲ್ಲ ಸಿದ್ಧ. ಅವಳದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಪಾತ್ರೆ ತೊಳೆದು, ಹನ್ನೊಂದರ ನಂತರ. ದೇವರಿಗೂ ನನಗೂ ನಡುವೆ ಪೂಜಾರಿ ಬೇಡ ಎಂದೇ ಅಲ್ಲವೇ ಲಿಂಗ ಅಂಗೈಗೆ ಬಂದದ್ದು? ನಡುವೆ ಒಬ್ಬಳು 38 ವರ್ಷದಿಂದ ನಿಂತೇ ಇದ್ದಾಳೆ. ಆ ಸಿನಿಮಾದ ವ್ರತಕ್ಕೂ ನನ್ನ ಪೂಜೆಗೂ ಇಷ್ಟರಮಟ್ಟಿಗೆ ವ್ಯತ್ಯಾಸವಿಲ್ಲ.

ಸಿನಿಮಾದ ಕೊನೆಯ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಸಿಂಕಿನ ಹೊಲಸು ನೀರನ್ನು ಗಂಡ, ಮಾವನ ಮೇಲೆ ಎರಚಿ ಅವಳು ಮನೆ ಬಿಟ್ಟು ನಡೆಯುತ್ತಾಳೆ, ನೃತ್ಯ ಕಲಿಸುತ್ತ ಬದುಕುತ್ತಾಳೆ. ನಮ್ಮ ಕಡೆ ಎಷ್ಟು ಹೆಣ್ಣುಮಕ್ಕಳಿಗೆ ಹಾಗೆ ನಡೆಯಲು ದಾರಿಯಿದೆ? ಆದರೆ ಗಂಡ ಇನ್ನೊಂದು ಮದುವೆಯಾಗಿ ಅದೇ ಅಡುಗೆಮನೆಗೆ ಬೇರೊಬ್ಬಳು ಬರುವುದು ಮಾತ್ರ ಪೂರ್ತಿ ಸತ್ಯ.

ಇನ್ನೊಂದು ಸಿನಿಮಾ ನಮ್ಮ ಸೀಮೆಯದೇ, ‘ಶಿವಮ್ಮ ಯರೇಹಂಚಿನಾಳ’. ಜೈಶಂಕರ್ ಆರ್ಯರ್ ನಿರ್ದೇಶನ. ಬುಸಾನ್ ಚಿತ್ರೋತ್ಸವದಲ್ಲಿ 2022ರಲ್ಲಿ ಪ್ರಶಸ್ತಿ ಪಡೆದು, 2024ರಲ್ಲಿ ನಮ್ಮ ಟಾಕೀಸಿಗೆ ಬಂತು. ಕೊಪ್ಪಳ ಜಿಲ್ಲೆಯ ಹಳ್ಳಿಯ ಬಡ ಹೆಂಗಸೊಬ್ಬಳು ಮನೆಯ ಹಣವನ್ನೆಲ್ಲ ಸರಪಳಿ ವ್ಯಾಪಾರದ ಶಕ್ತಿಪುಡಿಗೆ ಸುರಿಯುತ್ತಾಳೆ. ಹಾಸಿಗೆ ಹಿಡಿದ ಗಂಡನೂ ಅದರಿಂದ ಏಳುತ್ತಾನೆಂದು ನಂಬುತ್ತಾಳೆ. ಅವಳನ್ನು ಮೂರ್ಖಳೆಂದು ಎಲ್ಲಿಯೂ ನಕ್ಕಿಲ್ಲ, ಅದು ಆ ಸಿನಿಮಾದ ದೊಡ್ಡಗುಣ. ಕಾಯಕದಿಂದ ಹೊಟ್ಟೆ ತುಂಬದ ಕಡೆ ಇಂಥ ಪುಡಿ ಮಾರಾಟವಾಗುತ್ತದೆ. ನಮ್ಮೂರ ಜಾತ್ರೆಯಲ್ಲೂ ಒಬ್ಬ ಮಠದ ಕಟ್ಟೆಯ ಮೇಲೆ ಕೂತು ಭಕ್ತರಿಗೆ ಇಂಥದ್ದೇ ಡಬ್ಬಿ ಮಾರಿದ. ಗಣಿತದ ಮಾಸ್ತರನಾದ ನಾನೂ ಎರಡು ಡಬ್ಬಿ ಕೊಂಡೆ. ಈಗ ಅವುಗಳಲ್ಲಿ ಮೆಂತ್ಯ, ಸಾಸಿವೆ ಇವೆ. ಉತ್ಸವ್ ಗೋನವಾರರ ‘ಫೋಟೋ’ ಕೂಡ ನೋಡಿರಿ. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳಬೇಕೆಂದು ಬೆಂಗಳೂರಿಗೆ ಹೋದ ರಾಯಚೂರು ಕಡೆಯ ಹುಡುಗ, ಲಾಕ್‌ಡೌನಿನಲ್ಲಿ ಅಪ್ಪನ ಜೊತೆ ಊರಿಗೆ ನಡೆದುಕೊಂಡು ಹೊರಡುತ್ತಾನೆ.

ಮಠದ ಗೋಷ್ಠಿಯಲ್ಲಿ ಒಂದು ತಿಂಗಳು ಉಪನ್ಯಾಸದ ಬದಲು ಆ ಅಡುಗೆಮನೆಯ ಸಿನಿಮಾ ತೋರಿಸೋಣ ಎಂದು ಸಮಿತಿಯಲ್ಲಿ ಕೇಳಿದೆ. ‘ಮಠದಾಗ ಮುಟ್ಟಿನ ಸಿನಿಮಾ ಏನ್ರಿ?’ ಎಂದವರು ಹಿಂದಿನ ತಿಂಗಳಷ್ಟೇ ಪಂಚಸೂತಕದ ಮೇಲೆ ಉಪನ್ಯಾಸ ಕೊಟ್ಟ ಹಿರಿಯರು. ಇನ್ನೊಬ್ಬರ ಆಕ್ಷೇಪಕ್ಕೆ ತೂಕವಿತ್ತು: ಇದು ಬೇರೆಯವರ ವ್ರತ, ನಾವು ಮಠದಲ್ಲಿ ಕೂತು ಅಯ್ಯಪ್ಪನ ಭಕ್ತರನ್ನು ಹಳಿದಂತೆ ಆಗಬಾರದು. ನಮ್ಮ ಹುಡುಗರೇ ಮಾಲೆ ಹಾಕುತ್ತಾರೆ, ಅವರು ನೊಂದುಕೊಂಡಾರು. ತೋರಿಸುವ ಮೊದಲು ಆ ಮಾತನ್ನು ಸ್ಪಷ್ಟವಾಗಿ ಹೇಳಿಬಿಡೋಣ, ಆಮೇಲೆ ಚರ್ಚೆಯಲ್ಲಿ ನಮ್ಮ ಮನೆಗಳ ಮಾತು ಮಾತ್ರ ಇರಲಿ ಎಂದೆ. ಅಕ್ಕನ ಬಳಗದ ತಾಯಂದಿರು ಒಂದೇ ಮಾತಿನಲ್ಲಿ ಮುಗಿಸಿದರು: “ಗಂಡಸರಿಗೆ ತೋರಿಸ್ರಿ. ನಾವು ದಿನಾ ನೋಡ್ತೀವಿ.”

ಪೂಜ್ಯರು, ಮೊದಲು ತಾವೇ ನೋಡಿ ಹೇಳುತ್ತೇನೆ ಎಂದಿದ್ದಾರೆ. ಮುಂದಿನ ವಾರ ಮಗಳ ಮೊಬೈಲು ತೆಗೆದುಕೊಂಡು ಹೋಗುವವನಿದ್ದೇನೆ.

ಮನೆಯಲ್ಲಿ ಈಗ ನನ್ನ ಪೂಜೆಯ ಸಾಮಾನು ನಾನೇ ಹೊಂದಿಸಿಕೊಳ್ಳುತ್ತೇನೆ. ಮೊದಲ ಎರಡು ದಿನ ಪತ್ರೆ ಮರೆತೆ. ಬೆಳಗಿನ ಅವಲಕ್ಕಿ ನನ್ನದು, ರೊಟ್ಟಿ ಇನ್ನೂ ಬರುವುದಿಲ್ಲ. ಹೆಂಡತಿಯ ಪೂಜೆ ಹನ್ನೊಂದರಿಂದ ಒಂಬತ್ತೂವರೆಗೆ ಬಂದಿದೆ. ಈಚಲ ಚಾಪೆಯನ್ನು ಮಗಳು ಸುಡಬೇಡಿರಿ ಎಂದಳು, ಕೂಸಿಗೆ ಬಿಸಿಲು ಕಾಯಿಸಲು ಅಂಗಳದಲ್ಲಿ ಹಾಸುತ್ತಿದ್ದಾಳೆ.

ತಮ್ಮ ಊರಿನ ಮಠದಲ್ಲೋ ಬಸವ ಮಂಟಪದಲ್ಲೋ ಯಾರಾದರೂ ಈ ಸಿನಿಮಾ ತೋರಿಸಿದ್ದರೆ, ಜನ ಏನೆಂದರು, ಎಷ್ಟು ಮಂದಿ ನಡುವೆ ಎದ್ದು ಹೋದರು ಎಂಬುದನ್ನು ದಯವಿಟ್ಟು ಪತ್ರಿಕೆಗೆ ಬರೆಯಿರಿ. ಸಮಿತಿಯಲ್ಲಿ ಓದಿ ಹೇಳಲು ನನಗೆ ಅನುಕೂಲವಾಗುತ್ತದೆ.